ಪೊಟ್ಟಣದ ತೂಕ

ಊರಿನಿಂದ ಹೊರಡುವ ಹಿಂದಿನ ರಾತ್ರಿ ನಡುಮನೆಯಲ್ಲಿ ನಡೆಯುವ ತೂಕದ ನಾಟಕ ನಮಗೆಲ್ಲ ಗೊತ್ತಿದ್ದದ್ದೇ. ಸೂಟ್‌ಕೇಸಿಗೆ 23 ಕಿಲೋ ಮಿತಿ. ಅಮ್ಮನೋ ಚಟ್ನಿಪುಡಿ, ಸಾರಿನಪುಡಿ, ಮೆಂತ್ಯದ ಹಿಟ್ಟು ಒಂದೊಂದನ್ನೂ ಎರಡೆರಡು ಕವರಿನಲ್ಲಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಮೇಲೆ ಹೆಸರು ಬರೆದಿರುತ್ತಾಳೆ. ಈ ಪೊಟ್ಟಣಗಳೇ ನನಗೆ ಕಂಪ್ಯೂಟರ್ ಪಾಠ ಹೇಳಿಕೊಟ್ಟವು.

ವೃತ್ತಿಯಿಂದ ನಾನು ವೈದ್ಯ. ಪ್ರೋಗ್ರಾಮಿಂಗ್ ಐವತ್ತರ ನಂತರ ಹತ್ತಿದ ಹುಚ್ಚು. ತೀರ್ಥಹಳ್ಳಿಯ ಕಡೆ ಒಬ್ಬಳೇ ಇರುವ ಅಮ್ಮ ದಿನದಿನದ ಸಕ್ಕರೆಯ ಅಂಕಿ ಬರೆದರೆ ಇಲ್ಲಿ ನನಗೆ ಕಾಣಲೆಂದು ಒಂದು ಪುಟ್ಟ ವೆಬ್ ಪುಟ ಮಾಡಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಥಟ್ಟನೆ ತೆರೆಯುತ್ತಿತ್ತು. ಅಮ್ಮನ ಹಳೆಯ ಫೋನಿನಲ್ಲಿ, ಅಂಗಳದ ಮೂಲೆಯಲ್ಲಷ್ಟೇ ಸಿಗುವ ಸಿಗ್ನಲ್ಲಿನಲ್ಲಿ, "ಬರೀ ಸುತ್ತುತ್ತಾ ಇದೆ ಮಗಾ" ಎಂದಳು. ನಾಲ್ಕು ದಿನ ಪ್ರಯತ್ನಿಸಿ ಬಿಟ್ಟೇಬಿಟ್ಟಳು. ಮರುವಾರ ಒಂದು ಬೆಳಗ್ಗೆ ಸಕ್ಕರೆ ತೀರಾ ಇಳಿದು ಅಡುಗೆಮನೆಯಲ್ಲಿ ಕುಸಿದಳು. ಪುಣ್ಯಕ್ಕೆ ಎಚ್ಚರವಿತ್ತು, ಪಕ್ಕದ ಮನೆಯವರು ಸಕ್ಕರೆ ನೀರು ಕುಡಿಸಿದರು. ಆ ವಾರದ ಅಂಕಿಗಳು ಕಂಡಿದ್ದರೆ ಮೊದಲೇ ಔಷಧ ಇಳಿಸಬಹುದಿತ್ತು.

ಆಮೇಲೆ ಪುಟದ ಹೊಟ್ಟೆ ಬಗೆದು ನೋಡಿದೆ. ಜಾವಾಸ್ಕ್ರಿಪ್ಟನ್ನು ಮಾಡ್ಯೂಲ್ ಎಂಬ ಸಣ್ಣ ಸಣ್ಣ ಕಡತಗಳಲ್ಲಿ ಬರೆಯುತ್ತೇವೆ. ಅವನ್ನೆಲ್ಲ ಒಂದೇ ಗಂಟು ಕಟ್ಟಿ ಬ್ರೌಸರಿಗೆ ಕಳಿಸುವುದು ಬಂಡ್ಲರಿನ ಕೆಲಸ. ಟೋಬಿಯಾಸ್ ಕಾಪರ್ಸ್ 2012ರಲ್ಲಿ ಆರಂಭಿಸಿದ ವೆಬ್‌ಪ್ಯಾಕ್ ಮೊದಮೊದಲು ಪ್ರತಿ ಮಾಡ್ಯೂಲನ್ನೂ ಒಂದೊಂದು ಫಂಕ್ಷನ್ನಿನಲ್ಲಿ ಸುತ್ತಿ, ಸಂಖ್ಯೆ ಕೊಟ್ಟು ಇಡುತ್ತಿತ್ತು. ಆ ಸಂಖ್ಯೆ ಹಿಡಿದು ಕರೆಯಲು ಮೇಲೊಂದು ಕಾರಭಾರಿ ಕೋಡ್. ಒಳಗೆ ಎರಡೇ ಸಾಲಿದ್ದರೆ ಪುಡಿಗಿಂತ ಪೊಟ್ಟಣವೇ ಭಾರ! ಝಿಪ್ ಮಾಡಿದರೆ ದಾರಿಯಲ್ಲಿ ಗಾತ್ರ ಕುಗ್ಗುತ್ತದೆ, ನಿಜ. ಆದರೆ ಫೋನು ಅದನ್ನು ಬಿಚ್ಚಿ, ಓದಿ, ನಡೆಸಲೇಬೇಕಲ್ಲ?

2015ರಲ್ಲಿ ರಿಚ್ ಹ್ಯಾರಿಸ್ ತಂದ ರೋಲಪ್ ಈ ಸುತ್ತುಗಳನ್ನು ಕಿತ್ತು ಎಲ್ಲ ಮಾಡ್ಯೂಲುಗಳನ್ನೂ ಒಂದೇ ಡಬ್ಬಿಗೆ ಹಾಕಿತು. ಯಾರೂ ಬಳಸದ ಭಾಗಗಳನ್ನು ಉದುರಿಸಿತು. ಇದಕ್ಕೆ ಟ್ರೀ ಶೇಕಿಂಗ್ ಎನ್ನುತ್ತಾರೆ. 2017ರಲ್ಲಿ ವೆಬ್‌ಪ್ಯಾಕ್ ಕೂಡ ಎರಡನ್ನೂ ಕಲಿತುಕೊಂಡಿತು. ಒಂದು ಷರತ್ತಿದೆ: 2015ರ ಜಾವಾಸ್ಕ್ರಿಪ್ಟ್ ಮಾನಕದ ಇಂಪೋರ್ಟ್, ಎಕ್ಸ್‌ಪೋರ್ಟ್ ಬಳಸಿರಬೇಕು. ಅವನ್ನು ಕೋಡ್ ನಡೆಸದೆಯೇ ಓದಿ ಯಾರಿಗೆ ಯಾರು ಬೇಕೆಂದು ತಿಳಿಯಬಹುದು. ಹಳೆಯ ರಿಕ್ವೈರ್ ಎಲ್ಲಿ ಬೇಕಾದರೂ ತಲೆಹಾಕಬಲ್ಲದಾದ್ದರಿಂದ ಬಂಡ್ಲರ್ ಹೆದರಿ ಹೆಚ್ಚುಪಾಲು ಉಳಿಸಿಕೊಳ್ಳುತ್ತದೆ.

ಕಂಡದ್ದನ್ನೆಲ್ಲ ಎಸೆಯುವಂತೆಯೂ ಇಲ್ಲ. ಸೂಟ್‌ಕೇಸಿನ ನುಸಿಗುಳಿಗೆಯನ್ನು ಯಾರೂ ತಿನ್ನುವುದಿಲ್ಲ, ಆದರೂ ಅದಕ್ಕೆ ಕೆಲಸವಿದೆ. ಕೆಲವು ಮಾಡ್ಯೂಲುಗಳೂ ಹಾಗೆಯೇ. ಇಂಥ ಅಡ್ಡಪರಿಣಾಮ ಯಾವುದಕ್ಕಿಲ್ಲ ಎಂದು ಬರೆದು ತಿಳಿಸುವ ಅವಕಾಶವನ್ನು 2018ರ ವೆಬ್‌ಪ್ಯಾಕ್ 4 ಕೊಟ್ಟಿತು. ಅಡ್ಡಪರಿಣಾಮದ ಮಾತು ಬಂದ ಮೇಲೆ ನನಗೆ ಮನೆಯಂಗಳವಾಯಿತು!

ನನ್ನ ಶಸ್ತ್ರಚಿಕಿತ್ಸೆ ಇಷ್ಟೇ: ರಿಕ್ವೈರುಗಳನ್ನೆಲ್ಲ ಇಂಪೋರ್ಟ್ ಮಾಡಿದೆ, ತಾರೀಖು ಬರೆಯುವುದೊಂದಕ್ಕಾಗಿ ತಂದಿದ್ದ ಇಡೀ ಲೈಬ್ರರಿಯನ್ನು ಬಿಟ್ಟು ಬ್ರೌಸರಿನಲ್ಲೇ ಇರುವ ಸೌಲಭ್ಯ ಬಳಸಿದೆ. ಪುಟ ಅಂಗಳದ ಮೂಲೆಯಲ್ಲೂ ತೆರೆಯಿತು. ಈಗ ದಿನವೂ ಅಂಕಿ ಬರುತ್ತದೆ. ಔಷಧ ಬರೆಯುವುದು ಸುಲಭ, ಬೇಡವಾದದ್ದನ್ನು ನಿಲ್ಲಿಸುವುದೇ ಕಷ್ಟ ಎಂದು ಕಿರಿಯ ವೈದ್ಯರಿಗೆ ಹೇಳುತ್ತಿದ್ದವನು ನಾನೇ.

ಕಳೆದ ಸಲ ಊರಿಗೆ ಹೋದಾಗ, "ಎಲ್ಲ ಒಂದೇ ಡಬ್ಬಿಗೆ ಹಾಕಮ್ಮ, ತೂಕ ಉಳಿಯುತ್ತೆ" ಎಂದೆ.

"ಸಾರಿನಪುಡಿ, ಚಟ್ನಿಪುಡಿ ಬೆರೆತುಹೋದರೆ?" ಎಂದಳು.

ಒಂದೇ ಹೆಸರಿನ ಎರಡು ಕೋಡ್ ಬೆರೆಯದಿರಲೆಂದೇ ವೆಬ್‌ಪ್ಯಾಕ್ ಪೊಟ್ಟಣ ಕಟ್ಟಿದ್ದು. ರೋಲಪ್ ಹೆಸರು ಬದಲಿಸಿ ಬಚಾವಾಗುತ್ತದೆ. ಪುಡಿಗೆ ಆ ಉಪಾಯವಿಲ್ಲ. ಸುಮ್ಮನೆ ರಬ್ಬರ್ ಬ್ಯಾಂಡ್ ಎತ್ತಿಕೊಟ್ಟೆ.