ಕ್ಯೂ ತಯಾರಿಕೆಯ ತೋಪಡಗಳು

ಸ್ನೂಕರ್ ಮತ್ತು ಬಿಲಿಯರ್ಡ್ಸ್ ಆಟಗಳಲ್ಲಿ ಚೆಂಡನ್ನು ಹೊಡೆಯಲು ಬಳಸುವ ಮರದ ಕೋಲನ್ನು ಕ್ಯೂ ಎನ್ನುತ್ತಾರೆ. ಈ ಕೋಲನ್ನು ಕೈಯಿಂದ ರೂಪಿಸುವ ಕುಶಲಕರ್ಮಿಗಳ ಪ್ರಮುಖ ಉಪಕರಣ ತೋಪಡ. ಇದಕ್ಕೆ ಕನ್ನಡದಲ್ಲಿ ಹತ್ತರಿ, ಉಜ್ಜುಗೊರಡು ಎಂಬ ಹೆಸರುಗಳೂ ಇವೆ. ಅಮೆರಿಕದ ಪೂಲ್ ಆಟದ ಕ್ಯೂಗಳನ್ನು ಸಾಮಾನ್ಯವಾಗಿ ಲೇತ್ ಯಂತ್ರದಲ್ಲಿ ಕಡೆಯಲಾಗುತ್ತದೆ. ಬ್ರಿಟನ್ನಿನ ಸ್ನೂಕರ್ ಕ್ಯೂ ಪರಂಪರೆಯಲ್ಲಿ ಮಾತ್ರ ಚೌಕಾಕಾರದ ಮರವನ್ನು ತೋಪಡದಿಂದಲೇ ಕೀಸಿ ದುಂಡಗೆ ಮಾಡುವ ಪದ್ಧತಿ ಇಂದಿಗೂ ಉಳಿದಿದೆ.

ಕ್ಯೂವಿನ ರಚನೆ

ಸ್ನೂಕರ್ ಕ್ಯೂ ಸಾಮಾನ್ಯವಾಗಿ 145 ಸೆಂ.ಮೀ. ಆಸುಪಾಸಿನ ಉದ್ದವಿರುತ್ತದೆ. ಆಟದ ನಿಯಮದಂತೆ ಅದು 3 ಅಡಿಗಿಂತ ಕಡಿಮೆಯಿರಬಾರದು. ಹಿಡಿಯ ಬುಡದಲ್ಲಿ ಸುಮಾರು 29–30 ಮಿ.ಮೀ. ಇರುವ ವ್ಯಾಸವು ತುದಿಯಲ್ಲಿ 9–10 ಮಿ.ಮೀ.ಗೆ ಇಳಿಯುತ್ತದೆ. ಅಂದರೆ ಪ್ರತಿ 10 ಸೆಂ.ಮೀ. ಉದ್ದಕ್ಕೆ ಸರಾಸರಿ 1.4 ಮಿ.ಮೀ.ನಷ್ಟು ದಪ್ಪ ಕಡಿಮೆಯಾಗುತ್ತ ಹೋಗಬೇಕು. ಕೋಲಿನ ಕಾಂಡಕ್ಕೆ ಆಶ್ ಅಥವಾ ಮೇಪಲ್ ಮರವನ್ನೂ ಹಿಡಿಗೆ ಎಬೊನಿಯಂತಹ ಭಾರವಾದ ಗಟ್ಟಿಮರವನ್ನೂ ಬಳಸುವುದು ರೂಢಿ.

ಕೋಲಿನ ಬಿಗಿತವು ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ಆದ್ದರಿಂದ ತುದಿಯ ಬಳಿ 10 ಮಿ.ಮೀ. ಇರುವ ಭಾಗವನ್ನು 9.5 ಮಿ.ಮೀ.ಗೆ ಇಳಿಸಿದರೆ ಅಲ್ಲಿನ ಬಿಗಿತ ಸುಮಾರು 18 ಪ್ರತಿಶತ ಕುಗ್ಗುತ್ತದೆ. ಕೋಲಿನ ಸುತ್ತಲೂ 0.05 ಮಿ.ಮೀ. ದಪ್ಪದ ಸುರುಳಿಯನ್ನು ಐದು ಬಾರಿ ಕೀಸಿದರೆ ಇಷ್ಟು ಮರ ಹೋಗುತ್ತದೆ. ಒಮ್ಮೆ ಕೀಸಿ ತೆಗೆದ ಮರವನ್ನು ಮರಳಿ ಸೇರಿಸಲಾಗದು. ತೋಪಡದ ಆಯ್ಕೆ ಮತ್ತು ಹೊಂದಾಣಿಕೆಗೆ ಈ ಕೆಲಸದಲ್ಲಿ ಇಷ್ಟೊಂದು ಮಹತ್ವ ಬರಲು ಇದೇ ಕಾರಣ.

ತೋಪಡಗಳ ಆಯ್ಕೆ

ಇಂದು ಬಳಕೆಯಲ್ಲಿರುವ ಕಬ್ಬಿಣದ ತೋಪಡಗಳ ವಿನ್ಯಾಸವು ಬಹುಮಟ್ಟಿಗೆ ಅಮೆರಿಕದ ಲಿಯೊನಾರ್ಡ್ ಬೈಲಿ ರೂಪಿಸಿದ್ದು. ಅವನ ಪೇಟೆಂಟುಗಳನ್ನು ಸ್ಟ್ಯಾನ್ಲಿ ರೂಲ್ ಅಂಡ್ ಲೆವೆಲ್ ಸಂಸ್ಥೆ 1869ರಲ್ಲಿ ಪಡೆದುಕೊಂಡಿತು. ಆ ಸಂಸ್ಥೆ ನೀಡಿದ ಸಂಖ್ಯೆಗಳಿಂದಲೇ ತೋಪಡಗಳನ್ನು ಇಂದಿಗೂ ಗುರುತಿಸಲಾಗುತ್ತದೆ.

ಸಂಖ್ಯೆ 7: ಸುಮಾರು 56 ಸೆಂ.ಮೀ. ಉದ್ದದ ತೋಪಡ. ಇದರ ತಳ ಉದ್ದವಾಗಿರುವುದರಿಂದ ಅಲಗು ತಗ್ಗುಗಳೊಳಗೆ ಇಳಿಯದೆ ಮೊದಲು ಉಬ್ಬುಗಳನ್ನಷ್ಟೇ ಕತ್ತರಿಸುತ್ತದೆ. ಚೌಕ ಮರದ ನಾಲ್ಕು ಮುಖಗಳನ್ನು ನೇರಗೊಳಿಸಲು ಇದು ಸೂಕ್ತ.

ಸಂಖ್ಯೆ 5: ಸುಮಾರು 35 ಸೆಂ.ಮೀ. ಉದ್ದವಿದೆ. ಮೂಲೆಗಳನ್ನು ತೆಗೆದು ಮೊನಚುಗೊಳಿಸುವ ಹೆಚ್ಚಿನ ಕೆಲಸ ಇದರಿಂದ ನಡೆಯುತ್ತದೆ. ಒಂದೇ ತೋಪಡವನ್ನು ಕೊಳ್ಳುವವರಿಗೆ ಇದು ಹೊಂದುವ ಗಾತ್ರ.

ಸಂಖ್ಯೆ 4: ಸುಮಾರು 25 ಸೆಂ.ಮೀ. ಉದ್ದವಿದ್ದು, ಮೇಲ್ಮೈಯನ್ನು ನಯಗೊಳಿಸಲು ಬಳಕೆಯಾಗುತ್ತದೆ.

ಬ್ಲಾಕ್ ತೋಪಡ: ಒಂದೇ ಕೈಯಲ್ಲಿ ಹಿಡಿಯಬಹುದಾದ, ಸುಮಾರು 15 ಸೆಂ.ಮೀ. ಉದ್ದದ ತೋಪಡ. ತುದಿಯ ಸಣ್ಣ ಮುಖಗಳಿಗೆ ಇದು ಅನುಕೂಲಕರ.

ಇವಲ್ಲದೆ ಹಡಗಿನ ಕೂವೆಮರ ಮತ್ತು ಹುಟ್ಟುಗಳನ್ನು ದುಂಡಗೆ ಮಾಡಲು ಬಳಸುತ್ತಿದ್ದ, ತಳ ಒಳಬಾಗಿರುವ ಮರದ ತೋಪಡಗಳೂ ಇವೆ. ಆದರೆ ಅಂತಹ ತಳದ ಬಾಗು ಒಂದೇ ವ್ಯಾಸಕ್ಕೆ ಹೊಂದುತ್ತದೆ. ಕ್ಯೂವಿನ ವ್ಯಾಸ ಉದ್ದಕ್ಕೂ ಬದಲಾಗುವುದರಿಂದ ಸಪಾಟು ತಳದ ತೋಪಡವೇ ಹೆಚ್ಚು ಉಪಯುಕ್ತ.

ಅಲಗಿನ ಹೊಂದಾಣಿಕೆ

ಸಾಮಾನ್ಯ ತೋಪಡದಲ್ಲಿ ಅಲಗು 45 ಡಿಗ್ರಿ ಕೋನದಲ್ಲಿ ಕೂಡುತ್ತದೆ. ನೇರ ಎಳೆಯ ಆಶ್ ಮರಕ್ಕೆ ಇಷ್ಟು ಸಾಕು. ಎಬೊನಿಯಂತಹ ಗಡಸು ಮರದಲ್ಲಿ ಎಳೆಗಳು ದಿಕ್ಕು ಬದಲಿಸಿದರೆ ಅಲಗು ಎಳೆಯನ್ನು ಕತ್ತರಿಸದೆ ಕಿತ್ತು ಹಾಕುತ್ತದೆ ಮತ್ತು ಮೇಲ್ಮೈಯಲ್ಲಿ ಸಣ್ಣ ಗುಳಿಗಳು ಉಳಿಯುತ್ತವೆ. ಇದನ್ನು ತಡೆಯಲು ಮೂರು ಉಪಾಯಗಳಿವೆ. ಮೊದಲನೆಯದು, ಅಲಗಿನ ಮೇಲೆ ಕೂಡಿಸುವ ಕಬ್ಬಿಣದ ಪಟ್ಟಿಯನ್ನು ಅಲಗಿನ ಅಂಚಿಗೆ ತೀರ ಹತ್ತಿರ, 0.1–0.3 ಮಿ.ಮೀ. ಅಂತರದಲ್ಲಿ ನಿಲ್ಲಿಸುವುದು. ಈ ಪಟ್ಟಿಯು ಸುರುಳಿಯನ್ನು ಕೂಡಲೇ ಮುರಿದು ಬಾಗಿಸುವುದರಿಂದ ಎಳೆ ಮುಂದಕ್ಕೆ ಸೀಳುವುದಿಲ್ಲ. ಎರಡನೆಯದು, ಕತ್ತರಿಸುವ ಕೋನವನ್ನು ಹೆಚ್ಚಿಸುವುದು. 12 ಡಿಗ್ರಿ ಪೀಠದ ಬ್ಲಾಕ್ ತೋಪಡದ ಅಲಗನ್ನು 25 ಡಿಗ್ರಿಗೆ ಸಾಣೆ ಹಿಡಿದರೆ ಕತ್ತರಿಸುವ ಕೋನ 37 ಡಿಗ್ರಿ ಆಗುತ್ತದೆ, 38 ಡಿಗ್ರಿಗೆ ಹಿಡಿದರೆ 50 ಡಿಗ್ರಿ ಆಗುತ್ತದೆ. ಮೂರನೆಯದು, ಕೊನೆಯ ಹಂತದಲ್ಲಿ ತೋಪಡವನ್ನು ಬಿಟ್ಟು ಉಕ್ಕಿನ ತೆಳು ಹಲಗೆಯಿಂದ ಹೆರೆಯುವುದು. ಈ ಮೂರರಲ್ಲಿ ಯಾವುದನ್ನು ಅನುಸರಿಸಿದರೂ ಅಲಗು ಹರಿತವಾಗಿರಲೇಬೇಕು. ಎಬೊನಿಯು ಅಂಚನ್ನು ಬೇಗ ಮೊಂಡು ಮಾಡುವುದರಿಂದ ಕೆಲಸದ ನಡುವೆ ಹಲವು ಬಾರಿ ಸಾಣೆ ಹಿಡಿಯಬೇಕಾಗುತ್ತದೆ.

ಕೀಸುವ ಕ್ರಮ

ಮೊದಲು ಮರವನ್ನು ಬುಡದಿಂದ ತುದಿಗೆ ಕಿರಿದಾಗುವ ಚೌಕ ಕೋಲನ್ನಾಗಿ ಮಾಡಲಾಗುತ್ತದೆ. ಅನಂತರ ನಾಲ್ಕು ಮೂಲೆಗಳನ್ನು ತೆಗೆದರೆ ಅಷ್ಟಕೋನ ದೊರೆಯುತ್ತದೆ. ಎಂಟೂ ಮುಖಗಳು ಸಮನಾಗಬೇಕಾದರೆ ಚೌಕದ ಪ್ರತಿ ಅಂಚಿನಿಂದ ಬದಿಯ ಅಳತೆಯ 0.293 ಭಾಗದಷ್ಟು ದೂರದಲ್ಲಿ ಗೆರೆ ಹಾಕಬೇಕು. 30 ಮಿ.ಮೀ. ಬುಡದಲ್ಲಿ ಇದು 8.8 ಮಿ.ಮೀ., 10 ಮಿ.ಮೀ. ತುದಿಯಲ್ಲಿ 2.9 ಮಿ.ಮೀ. ಈ ಎರಡು ಬಿಂದುಗಳನ್ನು ಸೇರಿಸುವ ಗೆರೆಯವರೆಗೆ ಕೀಸಲಾಗುತ್ತದೆ. ಅಷ್ಟಕೋನದ ಮೂಲೆಗಳನ್ನೂ ತೆಗೆದಾಗ ಹದಿನಾರು ಮುಖಗಳಾಗುತ್ತವೆ. ಆಗ ದುಂಡಿಗಿಂತ ಹೊರಚಾಚಿದ ಮೂಲೆಯ ಎತ್ತರ ಬುಡದಲ್ಲಿ ಸುಮಾರು 0.3 ಮಿ.ಮೀ., ತುದಿಯಲ್ಲಿ ಸುಮಾರು 0.1 ಮಿ.ಮೀ. ಮಾತ್ರ. ಉಳಿದುದನ್ನು ತೆಳುವಾದ ಸುರುಳಿಗಳಿಂದಲೂ ಕೊನೆಗೆ ಉಪ್ಪುಕಾಗದದಿಂದಲೂ ಸರಿಪಡಿಸಬಹುದು.

ತೋಪಡವನ್ನು ಯಾವಾಗಲೂ ದಪ್ಪ ಬುಡದಿಂದ ಸಣ್ಣ ತುದಿಯ ಕಡೆಗೆ ನೂಕಬೇಕು. ಪೆನ್ಸಿಲನ್ನು ಮೊನೆಯ ಕಡೆಗೆ ಕೆತ್ತುವಂತೆ, ಈ ದಿಕ್ಕಿನಲ್ಲಿ ಎಳೆಗಳು ಸೀಳದೆ ಕತ್ತರಿಸಲ್ಪಡುತ್ತವೆ. ಕೋಲನ್ನು ಬುಡದ ಕಡೆ ಬಿಗಿದು, ಉಳಿದ ಭಾಗವನ್ನು ವಿ ಆಕಾರದ ಕಾಲುವೆಯಿರುವ ಹಲಗೆಯ ಮೇಲೆ ಇರಿಸುವುದು ಒಳ್ಳೆಯದು. ಹಾಗೆ ಮಾಡಿದಾಗ ತೋಪಡದ ಬಲ ಕೋಲನ್ನು ಎಳೆಯುತ್ತದೆ. ತುದಿಯನ್ನು ತಡೆಗೆ ಒತ್ತಿ ಕೀಸಿದರೆ ಸಣ್ಣ ಭಾಗ ಬಾಗುವ ಸಂಭವವಿದೆ.

ಕೀಸಿದಂತೆಲ್ಲ ಮರದೊಳಗಿನ ಬಿಗಿತ ಸಡಿಲಗೊಂಡು ಕೋಲು ಬಾಗಬಹುದು. ಈ ಕಾರಣದಿಂದ ಅಳತೆಗಿಂತ ತುಸು ದಪ್ಪವಾಗಿಯೇ ನಿಲ್ಲಿಸಿ, ಹಂತಗಳ ನಡುವೆ ಕೋಲನ್ನು ಕೆಲಕಾಲ ಹಾಗೆಯೇ ಬಿಟ್ಟು, ಬಾಗು ಕಂಡುಬಂದರೆ ಮುಂದಿನ ಹಂತದಲ್ಲಿ ಕೀಸಿ ತೆಗೆಯುತ್ತಾರೆ. ಕೊನೆಯ ಅಳತೆ ಮುಟ್ಟಿದ ಮೇಲೆ ಕಂಡ ಬಾಗನ್ನು ತೆಗೆಯಲು ಮರವೇ ಉಳಿದಿರುವುದಿಲ್ಲ.

ಹಿಡಿಯ ಜೋಡಣೆ

ಹಿಡಿಯ ಭಾಗದಲ್ಲಿ ಕಾಂಡವನ್ನು ಬುಡದತ್ತ ಸಣ್ಣದಾಗುವ ನಾಲ್ಕು ಮುಖದ ಉದ್ದ ಬೆಣೆಯಂತೆ ಕೀಸಿ, ಮೊದಲು ಎದುರುಬದುರಿನ ಎರಡು ಮುಖಗಳಿಗೂ ಬಳಿಕ ಉಳಿದೆರಡಕ್ಕೂ ಎಬೊನಿ ಹಲಗೆಗಳನ್ನು ಅಂಟಿಸಲಾಗುತ್ತದೆ. ಒಣಗಿದ ನಂತರ ಇಡೀ ಭಾಗವನ್ನು ದುಂಡಗೆ ಕೀಸಿದಾಗ ಕಪ್ಪು ಮರದ ನಾಲ್ಕು ಮೊನೆಗಳು ಕಾಂಡದ ಮೇಲೆ ಮೂಡುತ್ತವೆ. ಕೈಯಿಂದ ಮಾಡಿದ ಜೋಡಣೆಯಲ್ಲಿ ಮೊನೆಗಳ ತುದಿ ದುಂಡಗಿರುತ್ತದೆ, ಯಂತ್ರದ ಜೋಡಣೆಯಲ್ಲಿ ಚೂಪಾಗಿರುತ್ತದೆ. ಕೂಡುವ ಮುಖಗಳು ಸಪಾಟಾಗಿರದಿದ್ದರೆ ಅಂಟು ದುರ್ಬಲವಾಗುತ್ತದೆ. ಕೀಸುವಾಗ ಕೋಲಿನ ನಡುಗೆರೆ ಒಂದು ಬದಿಗೆ ಸರಿದರೆ ನಾಲ್ಕು ಮೊನೆಗಳ ಎತ್ತರ ಸಮವಾಗುವುದಿಲ್ಲ. ಮೊನೆಗಳು ಸಮವಾಗಿರುವುದನ್ನು ತಯಾರಕನ ಕೈಚಳಕದ ಗುರುತೆಂದು ಪರಿಗಣಿಸಲಾಗುತ್ತದೆ.

ಮರದ ಲಭ್ಯತೆ ಮತ್ತು ಸುರಕ್ಷತೆ

ಯುರೋಪಿನ ಆಶ್ ಮರಗಳು ಒಂದು ಶಿಲೀಂಧ್ರ ರೋಗದಿಂದಲೂ ಉತ್ತರ ಅಮೆರಿಕದ ಆಶ್ ಮರಗಳು ಕಾಂಡ ಕೊರೆಯುವ ದುಂಬಿಯೊಂದರಿಂದಲೂ ದೊಡ್ಡ ಪ್ರಮಾಣದಲ್ಲಿ ನಾಶವಾಗುತ್ತಿವೆ. ಹಿಡಿಗೆ ಬಳಸುವ ಮರಗಳಲ್ಲಿ ಕರ್ನಾಟಕದ ಕಾಡುಗಳಲ್ಲೂ ಬೆಳೆಯುವ ಬೀಟೆ ಸೇರಿದೆ. ಬೀಟೆಯನ್ನು ಒಳಗೊಂಡ ಡಾಲ್ಬರ್ಜಿಯಾ ಕುಲದ ಅಂತರರಾಷ್ಟ್ರೀಯ ವ್ಯಾಪಾರವು 2017ರಿಂದ ಸೈಟ್ಸ್ ಒಪ್ಪಂದದ ನಿಯಂತ್ರಣದಲ್ಲಿದೆ. ಉತ್ತಮ ಮರ ದುರ್ಲಭವಾದಂತೆ ಕೆಟ್ಟ ಹೊಂದಾಣಿಕೆಯ ತೋಪಡದಿಂದ ಹಾಳಾಗುವ ಒಂದೊಂದು ತುಂಡೂ ದುಬಾರಿಯಾಗುತ್ತಿದೆ.

ಎಬೊನಿ ಮತ್ತು ಬೀಟೆಯ ಧೂಳು ಚರ್ಮ ಹಾಗೂ ಶ್ವಾಸಕೋಶಕ್ಕೆ ಕಿರಿಕಿರಿ ಉಂಟುಮಾಡಬಲ್ಲದು. ತೋಪಡದಿಂದ ಬರುವುದು ಹೆಚ್ಚಾಗಿ ಸುರುಳಿಗಳು, ಧೂಳಲ್ಲ. ಆದರೂ ಉಪ್ಪುಕಾಗದ ಹಿಡಿಯುವಾಗ ಮುಖಗವಸು ಧರಿಸುವುದು ಅಗತ್ಯ.