ಸುಟ್ಟ ಗಾಯಕ್ಕೆ ಮೊದಲ ಮದ್ದು ಯಾವುದು?

ಅಡುಗೆಮನೆಯೇ ನಮ್ಮ ಹಿರಿಯರ ಮೊದಲ ಔಷಧಾಲಯ. ನೆಗಡಿಗೆ ಮೆಣಸಿನ ಕಷಾಯ, ಅಜೀರ್ಣಕ್ಕೆ ಓಂಕಾಳು, ಕೆಮ್ಮಿಗೆ ಹಸಿಶುಂಠಿ, ಹೀಗೆ ತಾಯಂದಿರ ಕೈಯಿಂದ ಮದ್ದುಂಡು ಬೆಳೆದವರು ನಾವೆಲ್ಲರೂ. ಈ ಪರಂಪರೆಯನ್ನು ಹಗುರವಾಗಿ ಕಾಣುವುದು ನಮ್ಮ ಉದ್ದೇಶವಲ್ಲ. ಆದರೆ ಬೆಂಕಿ, ಕುದಿನೀರು, ಕಾದ ಎಣ್ಣೆಗಳಿಂದ ಮೈ ಸುಟ್ಟಾಗಲೂ ಕೈ ಮೊದಲು ತುಪ್ಪದ ಗಡಿಗೆಗೋ ಅರಿಸಿನದ ಡಬ್ಬಿಗೋ ಹೋಗುವುದು ಯೋಗ್ಯವೇ ಎಂಬುದನ್ನು ವಿಚಾರಿಸಬೇಕಾಗಿದೆ.

ಇದಕ್ಕೆ ನಮ್ಮದೇ ಒಂದು ಅನುಭವವುಂಟು. ಸುಮಾರು ಐವತ್ತು ವರ್ಷಗಳ ಹಿಂದೆ ನಾವು ಮಠವೊಂದರ ಪಾಠಶಾಲೆಯಲ್ಲಿ ಓದುತ್ತಿದ್ದಾಗ, ದಾಸೋಹದ ಅಡುಗೆಮನೆಯಲ್ಲಿ ಅನ್ನ ಬಸಿಯುವ ವೇಳೆ ಕುದಿಯುವ ಗಂಜಿ ನಮ್ಮ ಎಡಗೈ ಮೇಲೆ ಚೆಲ್ಲಿತು. ಸುತ್ತಲಿದ್ದವರಲ್ಲಿ ಒಬ್ಬರು ತುಪ್ಪ ಸವರಿದರು, ಇನ್ನೊಬ್ಬರು ಅರಿಸಿನ ಉದುರಿಸಿದರು. ನೀರು ತುಂಬಿದ ತೊಟ್ಟಿ ಹತ್ತು ಹೆಜ್ಜೆಯ ದೂರದಲ್ಲಿತ್ತು. ಅದರತ್ತ ಯಾರೂ ನೋಡಲಿಲ್ಲ. ಮೂರನೆಯ ದಿನ ಗಾಯ ಕೀವಾಯಿತು. ವೈದ್ಯರು ಮೊದಲು ಆ ಲೇಪವನ್ನು ಉಜ್ಜಿ ತೆಗೆಯಬೇಕಾಯಿತು. ಸುಟ್ಟ ನೋವು ಮರೆತಿದೆ. ಉಜ್ಜಿದ ನೋವು ಮರೆತಿಲ್ಲ. ಕಲೆಯೂ ಉಳಿದಿದೆ. ಅಂದು ಅವರ ಕರುಣೆಗೆ ಕೊರತೆಯಿರಲಿಲ್ಲ, ತಿಳಿವಳಿಕೆಗೆ ಇತ್ತು.

ಬೆಂಕಿಯಿಂದ ಕೈಯನ್ನು ಹಿಂತೆಗೆದೊಡನೆ ಸುಡುವುದು ನಿಲ್ಲುವುದಿಲ್ಲ. ಚರ್ಮದಲ್ಲಿ ಸೇರಿದ ಶಾಖವು ಒಳಪದರಗಳನ್ನು ಬೇಯಿಸುತ್ತಲೇ ಇರುತ್ತದೆ. ಆ ಶಾಖವನ್ನು ಹೊರಗೆಳೆಯುವ ಶಕ್ತಿ ಹರಿಯುವ ತಣ್ಣೀರಿಗಿದೆ. ತುಪ್ಪ, ಬೆಣ್ಣೆ, ಎಣ್ಣೆಗಳು ಶಾಖವನ್ನು ಒಳಗೇ ಹಿಡಿದಿಡುತ್ತವೆ. ಅರಿಸಿನ, ಕಾಫಿಪುಡಿ, ಶಾಯಿಗಳು ಗಾಯದ ಬಣ್ಣವನ್ನು ಮರೆಮಾಡುವುದರಿಂದ ಅದರ ಆಳವನ್ನು ಅಳೆಯುವುದು ವೈದ್ಯರಿಗೆ ಕಷ್ಟವಾಗುತ್ತದೆ. ದೋಸೆಹಿಟ್ಟು, ಮೊಸರುಗಳಲ್ಲಿ ಸೂಕ್ಷ್ಮಜೀವಿಗಳು ತುಂಬಿರುತ್ತವೆ. ಹಲ್ಲುಜ್ಜುವ ಪೇಸ್ಟ್ ತಂಪೆನಿಸಿದರೂ ಗಾಯವನ್ನು ಕೆರಳಿಸುತ್ತದೆ. ಮಂಜುಗಡ್ಡೆಯೂ ಸಲ್ಲದು, ಅತಿಶೀತವು ನೊಂದ ಚರ್ಮಕ್ಕೆ ಮತ್ತಷ್ಟು ಹಾನಿ ಮಾಡುತ್ತದೆ.

ಹಾಗಾದರೆ ಶಾಸ್ತ್ರದಲ್ಲಿ ಘೃತದ ಮಾತಿಲ್ಲವೇ ಎಂದು ಕೇಳಬಹುದು. ಉಂಟು. ಆದರೆ ಸುಶ್ರುತ ಸಂಹಿತೆಯು ಸೂತ್ರಸ್ಥಾನದಲ್ಲಿ ಸುಟ್ಟ ಗಾಯಗಳನ್ನು ಪ್ಲುಷ್ಟ, ದುರ್ದಗ್ಧ, ಸಮ್ಯಗ್ದಗ್ಧ, ಅತಿದಗ್ಧ ಎಂದು ನಾಲ್ಕಾಗಿ ವಿಭಜಿಸಿ, ಒಂದೊಂದಕ್ಕೂ ಬೇರೆ ಬೇರೆ ಉಪಚಾರವನ್ನು ವಿಧಿಸುತ್ತದೆ. ಗಾಯದ ತರತಮವನ್ನು ವೈದ್ಯನು ಮೊದಲು ಅರಿಯಬೇಕೆಂಬುದೇ ಅದರ ತಾತ್ಪರ್ಯ. ಎಲ್ಲ ಗಾಯಕ್ಕೂ ಒಂದೇ ಗಡಿಗೆಯ ತುಪ್ಪವೆಂಬುದು ಶಾಸ್ತ್ರವಲ್ಲ, ರೂಢಿ.

ಆಧುನಿಕ ವೈದ್ಯರೂ ಅಡುಗೆಮನೆಯ ವಸ್ತುಗಳನ್ನು ಕಡೆಗಣಿಸಿಲ್ಲ. 1980ರ ದಶಕದಲ್ಲಿ ಮುಂಬಯಿಯ ವೈದ್ಯರು ಆಲೂಗಡ್ಡೆಯ ಸಿಪ್ಪೆಯಿಂದ ಅಗ್ಗದ ಪಟ್ಟಿ ತಯಾರಿಸಿ ಸುಟ್ಟ ಗಾಯಗಳಿಗೆ ಬಳಸಿದರು. ಆದರೆ ಅದು ಆಸ್ಪತ್ರೆಯಲ್ಲಿ ಕ್ರಿಮಿಶುದ್ಧಿಗೊಳಿಸಿದ ಪಟ್ಟಿ. ಹಸಿ ಆಲೂಗಡ್ಡೆ ತುರಿದು ಮೆತ್ತುವುದಕ್ಕೂ ಅದಕ್ಕೂ ಬಹಳ ಅಂತರ. ಜೇನಿನ ಮಾತೂ ಹಾಗೆಯೇ: ಚಿಕಿತ್ಸೆಗೆ ಬಳಸುವುದು ಶುದ್ಧೀಕರಿಸಿದ ಜೇನನ್ನು, ಮನೆಯ ಸೀಸೆಯದನ್ನಲ್ಲ. ಲೋಳೆಸರವು ಮೇಲ್ಪದರ ಮಾತ್ರ ಕೆಂಪಾದ ಸಣ್ಣ ಗಾಯಕ್ಕೆ, ಚೆನ್ನಾಗಿ ತಂಪಾದ ಮೇಲೆ, ಹಿತವಾಗಬಹುದು. ಗುಳ್ಳೆ ಎದ್ದ ಗಾಯಕ್ಕೆ ಮನೆಯಲ್ಲಿ ಏನನ್ನೂ ಹಚ್ಚಬಾರದು.

ಹಾಗಾದರೆ ಮಾಡಬೇಕಾದುದೇನು? ಸುಟ್ಟ ಭಾಗವನ್ನು ಕೂಡಲೇ ನಲ್ಲಿಯ ತಣ್ಣೀರಿನ ಧಾರೆಗೆ 20 ನಿಮಿಷ ಹಿಡಿಯಿರಿ. ನಲ್ಲಿ ಇಲ್ಲದಿದ್ದರೆ ಚೊಂಬಿನಿಂದ ಹೊಯ್ಯುತ್ತಿರಿ. ತಡವಾದರೂ ಮೂರು ಗಂಟೆಯೊಳಗೆ ಹೀಗೆ ಮಾಡಿದರೆ ಪ್ರಯೋಜನವುಂಟು. ಬಾವು ಬರುವ ಮೊದಲೇ ಬಳೆ, ಉಂಗುರ, ಗಡಿಯಾರಗಳನ್ನು ತೆಗೆಯಿರಿ. ಅಂಟಿಕೊಂಡ ಬಟ್ಟೆಯನ್ನು ಕೀಳಬೇಡಿ, ಗುಳ್ಳೆಯನ್ನು ಒಡೆಯಬೇಡಿ. ಮಗುವಾದರೆ ಉಳಿದ ಮೈ ಬೆಚ್ಚಗಿರುವಂತೆ ಹೊದಿಸಿರಿ. ಬಳಿಕ ಶುಭ್ರವಾದ, ನೂಲು ಬಿಡದ ಬಟ್ಟೆಯನ್ನು ಸಡಿಲವಾಗಿ ಮುಚ್ಚಿರಿ.

ಗಾಯವು ನೊಂದವರ ಅಂಗೈಗಿಂತ ದೊಡ್ಡದಾಗಿದ್ದರೆ, ಮುಖ, ಕೈ, ಪಾದ, ಕೀಲು ಅಥವಾ ಗುಪ್ತಾಂಗಗಳಲ್ಲಿದ್ದರೆ, ವಿದ್ಯುತ್ತಿನಿಂದಲೋ ಆಮ್ಲದಿಂದಲೋ ಆಗಿದ್ದರೆ, ಮಕ್ಕಳಿಗೆ, ವೃದ್ಧರಿಗೆ, ಗರ್ಭಿಣಿಯರಿಗೆ ಆಗಿದ್ದರೆ ಆಸ್ಪತ್ರೆಗೆ ಹೋಗಲೇಬೇಕು. 108ಕ್ಕೆ ಕರೆ ಮಾಡಿರಿ. ವಿದ್ಯುತ್ತಿನ ಅವಘಡದಲ್ಲಿ ಮೊದಲು ಸಂಪರ್ಕ ಕಡಿತಗೊಳಿಸದೆ ನೊಂದವರನ್ನು ಮುಟ್ಟಬಾರದು, ನೀರು ಹಾಕಬಾರದು. ಇನ್ನೊಂದು ಎಚ್ಚರ: ಗಾಯ ಬೆಳ್ಳಗೋ ಕಪ್ಪಗೋ ಆಗಿ ನೋವೇ ಇಲ್ಲದಿದ್ದರೆ ನೆಮ್ಮದಿಪಡಬೇಡಿ. ಆಳವಾಗಿ ಸುಟ್ಟಾಗ ನರಗಳೇ ನಾಶವಾಗಿ ನೋವು ತಿಳಿಯುವುದಿಲ್ಲ.

ಹಿರಿಯರ ಮೇಲಿನ ಗೌರವವೆಂದರೆ ಅವರ ಪ್ರತಿಯೊಂದು ರೂಢಿಯನ್ನೂ ಹೊತ್ತು ನಡೆಯುವುದಲ್ಲ. ಅವರ ವಾತ್ಸಲ್ಯವನ್ನು ಉಳಿಸಿಕೊಂಡು, ಅರಿವನ್ನು ಅದಕ್ಕೆ ಕೂಡಿಸುವುದು ಕಿರಿಯರ ಕರ್ತವ್ಯ. ಈ ಮಾತನ್ನು ಇಂದೇ ಮನೆಯ ಸೊಸೆಯಂದಿರಿಗೂ ಮಕ್ಕಳಿಗೂ, ಅಡುಗೆಯ ಕಾಯಕದಲ್ಲಿರುವವರಿಗೂ ತಿಳಿಸಿರಿ. ಮುಂದೊಮ್ಮೆ ಯಾರದಾದರೂ ಕೈ ಸುಟ್ಟರೆ, ಆ ಕೈಯನ್ನು ಹಿಡಿದು ಮೊದಲು ನೀರಿನ ಬಳಿಗೆ ಕರೆದೊಯ್ಯಿರಿ ಎಂಬುದಿಷ್ಟೇ ನಮ್ಮ ಅರಿಕೆ.