ಖಾಲಿ ಬಂಡಿಯ ಮೊದಲ ಸುತ್ತು

ಮಗಳಿಗೆ ಮರದ ರೋಲರ್ ಕೋಸ್ಟರ್ ಬೇಕಿತ್ತು. ಮೆಲ್ಬರ್ನ್‌ನ ಲೂನಾ ಪಾರ್ಕ್‌ನಲ್ಲಿ 1912ರಲ್ಲಿ ಕಟ್ಟಿದ ಮರದ ಕೋಸ್ಟರ್ ಇದೆ. ಅದರ ಬಂಡಿಯ ನಡುವೆ ಇಂದಿಗೂ ಒಬ್ಬ ನಿಂತುಕೊಂಡು ಕೈಯಿಂದ ಬ್ರೇಕ್ ಹಾಕುತ್ತಾನೆ. ಆ ವಿಡಿಯೊ ನೋಡಿದ ದಿನದಿಂದ ಅವಳದು ಒಂದೇ ಹಠ. ‘ಮರದ್ದೇ ಆಗ್ಬೇಕು ಅಪ್ಪಾ, ಅದು ಕಿರ್ರ್ ಅನ್ನುತ್ತೆ.’ ಚೆನ್ನೈನಲ್ಲಿ ಅಂಥದ್ದನ್ನು ಎಲ್ಲಿಂದ ತರಲಿ?

ಅದೇ ವಾರ ಶಿರಸಿಯಿಂದ ಅಪ್ಪ ಬಂದಿದ್ದ. ಬಂದದ್ದು ಸಮುದ್ರ ನೋಡಲಿಕ್ಕಲ್ಲ, ಕಣ್ಣು ತೋರಿಸಲಿಕ್ಕೆ. ಅಪ್ಪ ಬಡಗಿ. ಬಾಗಿಲು, ಕಿಟಕಿ, ಮಂಚ ಮಾಡುತ್ತ ನನ್ನನ್ನು ಎಂಟೆಕ್‌ವರೆಗೆ ಓದಿಸಿದವನು. ಉಳಿ ಹಿಡಿದು ನಲವತ್ತು ವರ್ಷವಾದರೂ ಕೈಗೆ ಏಟು ಮಾಡಿಕೊಂಡದ್ದು ಕಡಿಮೆ. ಕಳೆದ ಬಾರಿ ಊರಿಗೆ ಹೋದಾಗ ಎಡಗೈ ಬೆರಳುಗಳಲ್ಲಿ ಮೂರು ಹೊಸ ಗಾಯದ ಗುರುತು ಕಂಡೆ. ಕೇಳಿದರೆ ‘ವಯಸ್ಸಾಯ್ತಲ್ಲ ತಮಾ’ ಎಂದು ಮಾತು ಹಾರಿಸಿದ.

ಇಲ್ಲಿಯ ಆಸ್ಪತ್ರೆಯಲ್ಲಿ ಅಪ್ಪನನ್ನು ಒಂದು ಬಟ್ಟಲಿನಂಥ ಯಂತ್ರದ ಮುಂದೆ ಕೂರಿಸಿದರು. ಒಳಗೆ ಅಲ್ಲಲ್ಲಿ ಬೆಳಕಿನ ಚುಕ್ಕಿ ಮಿನುಗುತ್ತದೆ, ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಬಹಳ ಹೊತ್ತು ಗುಂಡಿಯ ಸದ್ದೇ ಬರಲಿಲ್ಲ. ಆಗಲೇ ನನ್ನ ಎದೆ ಧಸಕ್ ಎಂದಿತು. ಗ್ಲಾಕೋಮಾ. ಬಹಳ ಮಂದಿಯಲ್ಲಿ ಇದು ನೋವು ಕೊಡುವುದಿಲ್ಲ, ಮೊದಲು ಅಂಚಿನ ನೋಟವನ್ನು ಸದ್ದಿಲ್ಲದೆ ತಿನ್ನುತ್ತ ಬರುತ್ತದೆ. ಹೋದ ನೋಟ ಮರಳುವುದಿಲ್ಲ, ಉಳಿದದ್ದನ್ನು ದಿನವೂ ಔಷಧಿ ಹಾಕಿ ಕಾಪಾಡಿಕೊಳ್ಳಬೇಕು ಎಂದರು ಡಾಕ್ಟರು. ರಕ್ತಸಂಬಂಧಿಗಳಿಗೂ ಬರುವ ಸಾಧ್ಯತೆ ಹೆಚ್ಚು, ನೀವೂ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ನನಗೂ ಹೇಳಿದರು.

ಆಫೀಸಿನಲ್ಲಿ ನನ್ನ ಕೆಲಸ ಸರ್ವರ್‌ಗಳ ಮೇಲೆ ಕಣ್ಣಿಡುವುದು. ಸಾವಿರಾರು ಮೈಲಿ ದೂರದ ಯಾವುದೋ ಡೇಟಾ ಸೆಂಟರ್‌ನಲ್ಲಿ ಒಂದು ಡಿಸ್ಕ್ ತುಂಬುತ್ತ ಬಂದರೆ ನಡುರಾತ್ರಿ ನನ್ನ ಫೋನ್ ಕೂಗುತ್ತದೆ. ಅಪ್ಪನ ಕಣ್ಣಿನದು ಮಾತ್ರ ಯಾವ ಅಲರ್ಟೂ ಬರಲಿಲ್ಲ.

ಮರುದಿನ ರಜೆ ಹಾಕಿದೆ. ಮನೆಯಲ್ಲಿ ಕೂತರೆ ಮೂವರೂ ಮಂಕಾಗುತ್ತೇವೆಂದು ಕಾರು ತೆಗೆದೆ. ಮಹಾಬಲಿಪುರದ ಕಡೆಗೆ ಹೋಗುವ ಇಸಿಆರ್ ರಸ್ತೆ ಎಂದರೆ ಎಲ್ಲರಿಗೂ ವಿಜಿಪಿ, ಎಂಜಿಎಂ ನೆನಪಾಗುತ್ತವೆ. ನಾವು ಹೋದದ್ದು ಅಷ್ಟು ದೊಡ್ಡ ಜಾಗಕ್ಕಲ್ಲ. ಗಾಳಿಮರಗಳ ತೋಪಿನ ಪಕ್ಕ, ಎಳನೀರಿನ ಗಾಡಿಯ ಹಿಂದೆ, ರಸ್ತೆಗೇ ಅಂಟಿಕೊಂಡಿದ್ದ ಪುಟ್ಟ ಪಾರ್ಕ್. ಒಂದು ಜೈಂಟ್ ವೀಲ್, ಡ್ಯಾಶಿಂಗ್ ಕಾರು, ಬಣ್ಣ ಮಾಸಿದ ಒಂದು ಸಣ್ಣ ರೋಲರ್ ಕೋಸ್ಟರ್. ವಾರದ ನಡುವಿನ ಮಧ್ಯಾಹ್ನ, ಗಿರಾಕಿಗಳೇ ಇಲ್ಲ.

‘ಇದು ಕಬ್ಬಿಣದ್ದು’ ಎಂದು ಮಗಳು ಮುಖ ಊದಿಸಿದಳು.

‘ಮರದ್ದೂ ಇರ್ತದನಾ?’ ಅಪ್ಪ ಕೇಳಿದ. ವೃತ್ತಿಯ ಕುತೂಹಲ. ನಾನು ಓದಿಕೊಂಡದ್ದನ್ನು ಹೇಳಿದೆ. ಈ ಆಟ ಶುರುವಾದದ್ದೇ ಮರದಿಂದ. 1884ರಲ್ಲಿ ನ್ಯೂಯಾರ್ಕ್‌ನ ಕೋನಿ ಐಲೆಂಡ್‌ನಲ್ಲಿ ಥಾಂಪ್ಸನ್ ಎಂಬಾತ ಮರದ ಹಳಿ ಹಾಕಿ, ಐದು ಸೆಂಟ್ ಟಿಕೆಟ್ ಇಟ್ಟು ಜನರನ್ನು ಕೂರಿಸಿದ. ವೇಗ ಗಂಟೆಗೆ ಹತ್ತು ಕಿಲೋಮೀಟರಿನ ಆಸುಪಾಸು, ನಮ್ಮ ಸೈಕಲ್‌ಗಿಂತ ನಿಧಾನ. ಪೆನ್ಸಿಲ್ವೇನಿಯಾದಲ್ಲಿ 1902ರಲ್ಲಿ ಕಟ್ಟಿದ್ದು ಇನ್ನೂ ಇದೆ. ಮರದ ಕೋಸ್ಟರ್‌ನಲ್ಲಿ ಹಲಗೆಗಳನ್ನು ಒಂದರ ಮೇಲೊಂದು ಜೋಡಿಸಿ, ಮೇಲೆ ಉಕ್ಕಿನ ಪಟ್ಟಿ ಹೊಡೆದು ಹಳಿ ಮಾಡುತ್ತಾರೆ. ಬಂಡಿ ಹೋದಾಗ ಇಡೀ ಕಟ್ಟೋಣ ತುಸು ಅಲುಗಾಡುತ್ತದೆ. ಅಲುಗಬೇಕು ಕೂಡ.

‘ಅಲುಗದಿದ್ರೆ ಸೀಳ್ತದೆ’ ಎಂದ ಅಪ್ಪ. ‘ಮರದ ಗುಣವೇ ಹಾಗೆ. ಮುರಿಯೋ ಮೊದಲು ಒಂದು ಸಲ ಕೂಗ್ತದೆ.’

ಅಪ್ಪನಿಗೆ ನೆನಪಾದದ್ದು ಮಾರಿಕಾಂಬಾ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬಿಡಕಿಬೈಲಿನಲ್ಲಿ ಅಮ್ಮನವರು ಕೂತಾಗ ಊರಿಗೆ ಊರೇ ಅಲ್ಲಿರುತ್ತದೆ. ಅಪ್ಪನ ಹುಡುಗತನದಲ್ಲಿ ಅಲ್ಲಿ ಕೈಯಲ್ಲಿ ತಿರುಗಿಸುವ ಮರದ ತೊಟ್ಟಿಲು ಬರುತ್ತಿತ್ತಂತೆ. ಒಂದು ವರ್ಷ ತೊಟ್ಟಿಲಿನ ಅಚ್ಚು ಸವೆದಾಗ ನಮ್ಮ ಅಜ್ಜನನ್ನು ಕರೆಸಿದ್ದರು. ಅಜ್ಜ ಕಣ್ಣು ಮುಚ್ಚಿ ನಿಂತು, ಖಾಲಿ ತೊಟ್ಟಿಲನ್ನು ಹತ್ತು ಸುತ್ತು ತಿರುಗಿಸಲು ಹೇಳಿ, ಸದ್ದು ಕೇಳಿಯೇ ‘ಇಂಥ ಕಡೆ’ ಎಂದು ಬೆರಳು ತೋರಿಸಿದ್ದನಂತೆ.

ನಮ್ಮ ಕನ್ನಡ ಕಿವಿಗೆ ಬಿದ್ದು ಕೋಸ್ಟರ್ ನಡೆಸುವಾತ ಹತ್ತಿರ ಬಂದ. ‘ಯಾವೂರು ಯಜಮಾನ್ರೇ? ನಮ್ದು ತಾಳವಾಡಿ.’ ಈರೋಡ್ ಜಿಲ್ಲೆಯ ತಾಳವಾಡಿ, ನಮ್ಮ ಅಣ್ಣಾವ್ರ ಗಾಜನೂರು ಇರುವ ಸೀಮೆ. ತಮಿಳುನಾಡಿನ ರೇಷನ್ ಕಾರ್ಡ್, ಮನೆಯಲ್ಲಿ ಕನ್ನಡ. ಚೆನ್ನೈನಲ್ಲಿ ಎಂಟು ವರ್ಷದಿಂದಿರುವ ನನಗೆ ಇಂಥವರು ಸಿಕ್ಕಾಗಲೆಲ್ಲ ಯಾರೋ ನೆಂಟರನ್ನು ಕಂಡಷ್ಟು ಖುಷಿ.

ಅಪ್ಪ ನೇರ ವಿಷಯಕ್ಕೆ ಬಂದ. ‘ಇದನ್ನು ದಿನಾ ಯಾರು ನೋಡ್ತಾರೆ?’

‘ನಾವೇ. ಬೆಳಿಗ್ಗೆ ಹಳಿ ಗುಂಟ ಹತ್ಕೊಂಡು ಹೋಗಿ ಬೋಲ್ಟ್‌ಗೆ ಸಣ್ಣ ಸುತ್ತಿಗೇಲಿ ತಟ್ತೀವಿ. ಬಿಗಿ ಇದ್ರೆ ಒಂದು ಸದ್ದು, ಸಡ್ಲ ಆಗಿದ್ರೆ ಇನ್ನೊಂದು. ಆಮೇಲೆ ಖಾಲಿ ಬಂಡಿ ಓಡಿಸ್ತೀವಿ. ಅದು ಸರಿಯಾಗಿ ಬಂದು ನಿಂತ್ ಮೇಲೇ ಜನ.’

ಅಪ್ಪ ತಲೆದೂಗಿ ‘ನೀವು ಹೋಗ್ಬನ್ನಿ, ನಾ ಇಲ್ಲೇ ನಿಂತಿರ್ತೆ’ ಎಂದ.

ನಾನು, ಮಗಳು ಕೂತೆವು. ತೊಡೆಯ ಮೇಲೆ ಸರಳು ಬಂತು. ಸರಪಳಿ ಟಕ ಟಕ ಎಂದು ಮೇಲಕ್ಕೆ ಎಳೆಯತೊಡಗಿತು. ಆ ಟಕ ಟಕವೇ ರಕ್ಷಣೆ. ಸರಪಳಿ ತುಂಡಾದರೂ ಬಂಡಿ ಹಿಂದಕ್ಕೆ ಜಾರದಂತೆ ಒಂದು ಕೊಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಹಿಡಿಯುವ ಸದ್ದು ಅದು. ಚಕ್ರಗಳೂ ಬರೀ ಹಳಿಯ ಮೇಲಲ್ಲ, ಪಕ್ಕಕ್ಕೂ ಕೆಳಗೂ ಇರುತ್ತವೆ. ಬಂಡಿ ಹಳಿ ಬಿಟ್ಟು ಹಾರದಂತೆ ಕೆಳಗಿನಿಂದ ಹಿಡಿಯುವ ಚಕ್ರಕ್ಕೆ ಜಾನ್ ಮಿಲ್ಲರ್ ಎಂಬಾತ 1919ರಲ್ಲಿ ಪೇಟೆಂಟ್ ಪಡೆದಿದ್ದ. ಇಷ್ಟೆಲ್ಲ ಗೊತ್ತಿದ್ದೂ ನನ್ನ ಅಂಗೈ ಬೆವರಿತ್ತು.

ತುದಿಯಲ್ಲಿ ಒಂದು ಕ್ಷಣ ಬಂಗಾಳ ಕೊಲ್ಲಿ ಕಂಡಿತು, ಗಾಳಿಮರಗಳ ಆಚೆ ನೀಲಿ ಗೆರೆ. ಅಲ್ಲಿಂದ ಮುಂದೆ ಬಂಡಿಗೆ ಎಂಜಿನ್ ಇಲ್ಲ, ಏರಿದ ಎತ್ತರವೇ ಬಂಡವಾಳ. ಹತ್ತು ಮೀಟರ್ ಮೇಲಿಂದ ಬಿದ್ದರೆ, ಘರ್ಷಣೆ ಬಿಟ್ಟು ಲೆಕ್ಕ ಹಾಕಿದಾಗ, ಗಂಟೆಗೆ ಐವತ್ತು ಕಿಲೋಮೀಟರ್. ಲೆಕ್ಕ ಮುಗಿಯುವ ಮೊದಲೇ ಬಿದ್ದಾಗಿತ್ತು. ಹೊಟ್ಟೆ ಬಾಯಿಗೆ ಬಂತು. ಮಗಳು ಕಿರುಚಿದಳು, ನಾನು ಅವಳಿಗಿಂತ ಜೋರಾಗಿ. ಎರಡು ದಿನದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಏನೋ ಒಂದು ಆ ಕೂಗಿನಲ್ಲಿ ಹೊರಗೆ ಹೋಯಿತು.

ಇಳಿದು ಬಂದಾಗ ಅಪ್ಪ ಕಂಬಿ ಹಿಡಿದು ಕಣ್ಣು ಮುಚ್ಚಿ ನಿಂತಿದ್ದ. ನನ್ನ ಜೀವ ಹಾರಿತು. ‘ತಲೆ ಸುತ್ತಿತಾ?’

‘ಇಲ್ಲ ಮಾರಾಯ.’ ಆ ತಾಳವಾಡಿಯವನ ಕಡೆ ತಿರುಗಿ ಕೇಳಿದ, ‘ಮೂರನೇ ತಿರುವಲ್ಲಿ ಕಟ್ ಅಂತದಲ್ಲ, ಅದೆಂತದು?’

ಆತ ಅಚ್ಚರಿಯಿಂದ ನೋಡಿದ. ‘ನಿಮ್ಗೂ ಕೇಳ್ಸ್ತಾ? ಹಳಿ ಜೋಡಣೆ ಅಲ್ಲಿ. ಬೆಳಿಗ್ಗೆ ನೋಡಿದ್ದೆ, ಬಿಗಿ ಅದ. ಬುಡಿ, ಇನ್ನೊಂದು ಸಲ ನೋಡೇ ಬುಡ್ತೀನಿ.’ ಸ್ಪ್ಯಾನರ್ ಹಿಡಿದು ಏಣಿ ಹತ್ತಿದ. ಇಳಿದು ಬಂದು ಖಾಲಿ ಬಂಡಿಯನ್ನು ಒಂದು ಸುತ್ತು ಬಿಟ್ಟ. ಇಬ್ಬರೂ ಪಕ್ಕ ಪಕ್ಕ ನಿಂತು ಕಿವಿಗೊಟ್ಟರು. ‘ಸರಿ ಇದೆ’ ಎಂದ ಅಪ್ಪ. ‘ಸರಿ ಅದ’ ಎಂದ ಆತ.

ನನಗೇನೂ ವ್ಯತ್ಯಾಸ ಕೇಳಿಸಲಿಲ್ಲ.

ವಾಪಸ್ ಬರುವಾಗ ಕಾರಿನಲ್ಲಿ ಅಪ್ಪ ತಾನಾಗಿಯೇ ಬಾಯಿ ಬಿಟ್ಟ. ಒಂದೂವರೆ ವರ್ಷದಿಂದ ಪಕ್ಕದಲ್ಲಿಟ್ಟ ಉಳಿ ಕಾಣುತ್ತಿರಲಿಲ್ಲವಂತೆ. ಹೇಳಿದರೆ ನಾನು ಕೆಲಸ ಬಿಡಿಸಿ ಚೆನ್ನೈಗೆ ಕರೆತರುತ್ತೇನೆಂಬ ಹೆದರಿಕೆ. ನಾನು ದಿನಾ ಫೋನ್ ಮಾಡುತ್ತಿದ್ದೆ, ನಿಜ. ‘ಊಟ ಆಯ್ತಾ, ಮಳೆ ಬಂತಾ’ ಕೇಳಿ ಎರಡು ನಿಮಿಷದಲ್ಲಿ ಇಡುತ್ತಿದ್ದೆ. ಹಳಿ ಗುಂಟ ಒಂದು ದಿನವೂ ನಡೆದಿರಲಿಲ್ಲ.

ಆಮೇಲಿನ ವಾರ ನಾನೂ ಆ ಬಟ್ಟಲಿನ ಮುಂದೆ ಕೂತು ಗುಂಡಿ ಒತ್ತಿ ಬಂದೆ. ಸದ್ಯಕ್ಕೆ ತೊಂದರೆಯಿಲ್ಲ, ವರ್ಷಕ್ಕೊಮ್ಮೆ ಬನ್ನಿ ಎಂದರು. ದೂರದ ಊರಲ್ಲಿರುವ ನೀವೂ ಮುಂದಿನ ಸಲ ಮನೆಗೆ ಹೋದಾಗ ಅಪ್ಪ ಅಮ್ಮನ ಕೈಬೆರಳನ್ನೊಮ್ಮೆ ನೋಡಿ. ಅವರು ಬಾಯಲ್ಲಿ ಹೇಳದ್ದು ಅಲ್ಲಿರಬಹುದು.

ಅಪ್ಪ ಶಿರಸಿಗೆ ಮರಳಿದ್ದಾನೆ. ಗರಗಸ ಬಿಟ್ಟಿದ್ದಾನೆ, ಕೈಗೆಲಸ ಬಿಟ್ಟಿಲ್ಲ. ಈಗ ದಿನಾ ಬೆಳಿಗ್ಗೆ ಏಳಕ್ಕೆ ನನ್ನ ಫೋನ್ ಹೋಗುತ್ತದೆ. ‘ಎರಡೂ ಕಣ್ಣಿಗೆ ಹಾಕಿದ್ಯಾ?’

ಆ ಕಡೆಯಿಂದ ಒಂದೇ ಉತ್ತರ: ‘ಖಾಲಿ ಬಂಡಿ ಓಡಿಸಿ ಆಯ್ತು ತಮಾ. ಇನ್ನು ಜನ ಹತ್ತಬಹುದು.’